ಮೂರು ಬೆರಳು ವಿಭೂತಿಯ ಕಂಪನಿ

ಎದುರಿಗೆ ಬಂದು ಕೂತವರ ಊರು, ಮನೆತನ, ಸಂಬಳ ಇಷ್ಟು ತಿಳಿಯುವವರೆಗೆ ಕೆಲವರಿಗೆ ಕುಡಿದ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಅಂಥವರನ್ನು ನಾನು ಬಯ್ಯುವುದಿಲ್ಲ, ಏಕೆಂದರೆ ನನ್ನ ರೋಗ ಅದಕ್ಕಿಂತ ಒಂದು ಕೈ ಮೇಲು. ನನಗೆ ಮನುಷ್ಯರ ವಿವರ ಬೇಡ, ಸಾಮಾನುಗಳ ವಯಸ್ಸು ಬೇಕು. ಬೀಗರ ಮನೆಗೆ ಹೋದರೆ ಬೀಗರು ಕ್ಷೇಮ ವಿಚಾರಿಸುತ್ತಿರುವಾಗ ನನ್ನ ಕಣ್ಣು ಅವರ ತಲೆಯ ಮೇಲಿನ ತೊಲೆಯಲ್ಲಿ ನೆಟ್ಟಿರುತ್ತದೆ. ಇದು ಯಾವ ಕಾಲದ್ದು, ಯಾರು ಕೆತ್ತಿದ್ದು, ಕೈಬಾಚಿಯ ಕೆಲಸವೋ ಮಷೀನಿನ ಕೆಲಸವೋ ಎಂದು ತಿಳಿಯದಿದ್ದರೆ ಅವರು ಬಡಿಸಿದ ಹೋಳಿಗೆಯೂ ರುಚಿಸುವುದಿಲ್ಲ. ಅದರಲ್ಲೂ ಹಳೆಯ ಕಟ್ಟಿಗೆ ಕೆಲಸದ ಮಷೀನು ಕಂಡರೆ ಮುಗಿಯಿತು. ಒಮ್ಮೆ ಹಿರೇಕೆರೂರಿನಲ್ಲಿ ಹತ್ತಿರದ ನೆಂಟರ ಮದುವೆಗೆ ಹೋಗಿದ್ದೆವು. ಕಲ್ಯಾಣ ಮಂಟಪದ ಮಗ್ಗುಲಿಗೇ ಒಂದು ಹಳೆಯ ಕಟ್ಟಿಗೆ ಅಡ್ಡೆ ಇದ್ದದ್ದು ನನ್ನ ದುರ್ದೈವ. ಅಕ್ಷತೆ ಬೀಳುವ ಹೊತ್ತಿನಲ್ಲಿ ನಾನು ಅಲ್ಲಿಯ ಗರಗಸದ ಮಷೀನಿನ ಕೆಳಗೆ ಅಂಗಾತ ಮಲಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಹೊಸ ಬಿಳಿ ಅಂಗಿಯ ಬೆನ್ನನ್ನು ನೋಡಿದವರೆಲ್ಲ ಪಾಪ, ದಾರಿಯಲ್ಲಿ ಗಾಡಿ ಕೆಟ್ಟಿರಬೇಕು ಎಂದುಕೊಂಡರು. ನಿಜ ಗೊತ್ತಿದ್ದವಳು ನನ್ನ ಹೆಂಡತಿ ನೀಲಾ ಒಬ್ಬಳೇ. ಮನೆಗೆ ಬರುವವರೆಗೆ ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದಳು.

ನಮ್ಮದು ಹಾನಗಲ್ಲಿನಲ್ಲಿ ಕಟ್ಟಿಗೆ ಅಡ್ಡೆ. ಬಾಗಿಲು, ಕಿಟಕಿ, ಚೌಕಟ್ಟು ಮಾಡಿಕೊಡುತ್ತೇವೆ. ಅಡ್ಡೆಯ ನಟ್ಟನಡುವೆ ಒಂದು ಹಳೆಯ ರಂದಾ ಮಷೀನಿದೆ. ನೋಡದವರಿಗಾಗಿ ಹೇಳುತ್ತೇನೆ: ಮಂಚದಷ್ಟು ಉದ್ದದ ಎರಕದ ಕಬ್ಬಿಣದ ಮೇಜು, ಅದರ ನಡುವೆ ಒಂದು ಸಂದಿ, ಸಂದಿಯೊಳಗೆ ಅಲಗು ಕಟ್ಟಿದ ಉರುಳೆ. ಮೇಲಿನಿಂದ ಹಲಗೆ ದೂಡಿದರೆ ಉರುಳೆ ಗಿರ್ರೆಂದು ತಿರುಗಿ ಅದರ ಹೊಟ್ಟೆ ಹೆರೆದು ನುಣುಪು ಮಾಡುತ್ತದೆ. ನಾನು ಕಣ್ಣು ಬಿಟ್ಟಾಗಿನಿಂದ ಅದು ಅಲ್ಲೇ ಇದೆ. ಮನೆಯ ಕತೆಯ ಪ್ರಕಾರ ಅದನ್ನು ತಂದವನು ನಮ್ಮಜ್ಜ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು, ರೈಲು ಹತ್ತಿ ಯಲವಿಗಿ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಹಾನಗಲ್ಲಿಗೆ ಬಂತಂತೆ. ದಾರಿಯಲ್ಲಿ ಗಾಡಿಯ ಅಚ್ಚು ಮುರಿಯಿತಂತೆ. ನಮ್ಮಪ್ಪ ಹೇಳುವಾಗ ಅಚ್ಚು ಒಂದೇ ಸಲ ಮುರಿಯುತ್ತಿತ್ತು. ನಾನು ಹೇಳುವಾಗ ಪ್ರತಿ ಊರಿಗೂ ಮುರಿಯುತ್ತದೆ.

ಆ ಅಜ್ಜನನ್ನು ನಾನು ನೋಡಿಲ್ಲ. ನಾನು ಹುಟ್ಟುವುದರೊಳಗೆ ಹೋಗಿಬಿಟ್ಟಿದ್ದ. ಅವನದೊಂದು ಫೋಟೊ ಕೂಡ ಇಲ್ಲ. ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವನು ಜನ್ಮದಲ್ಲಿ ತೆಗೆಸಿಕೊಳ್ಳಲಿಲ್ಲ. ತೆಗೆಸಿಕೊಳ್ಳದೆಯೂ ಕಡಿಮೆಯಾಯಿತು, ಅದು ಬೇರೆ ಮಾತು. ಹೀಗಾಗಿ ನನಗೆ ಅಜ್ಜನೆಂದರೆ ಆ ಮಷೀನೇ. ಹಲಗೆ ದೂಡುವಾಗ ಅವನ ಕೈ ಆಡಿದ ಜಾಗದಲ್ಲೇ ನನ್ನ ಕೈಯೂ ಆಡುತ್ತಿದೆ ಎಂದುಕೊಂಡರೆ ಎದೆ ತುಂಬಿ ಬರುತ್ತಿತ್ತು. ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಅಡ್ಡೆಯ ಮಾಲಕ ಮಷೀನು ಸವರಿ ಕಣ್ಣೊರೆಸಿಕೊಂಡರೆ ಗಿರಾಕಿಗಳು ಮುಂದಿನ ಅಂಗಡಿಗೆ ಹೋಗುತ್ತಾರೆ.

ಹೋದ ವರ್ಷ ನೀಲಾ ಹುಬ್ಬಳ್ಳಿಯಲ್ಲಿ ಒಂದು ಹೊಸ ರಂದಾ ಮಷೀನು ಗೊತ್ತು ಮಾಡಿ ಬಂದಳು. ಅಡ್ಡೆಯ ವ್ಯವಹಾರ ಅವಳದು. ನನ್ನ ಕೈಗೆ ಕೊಟ್ಟರೆ ಏನಾಗುತ್ತದೆಂದು ಮದುವೆಯಾದ ಹೊಸದರಲ್ಲೇ ನೋಡಿಯಾಗಿದೆ. "ಹೊಸಾದು ಬಂತಂದ್ರ ಹಳೇದನ್ನ ಗುಜರಿಯವರಿಗೆ ಕೊಟ್ಟಬಿಡೂಣ್ರಿ. ಎರಡೂ ಇಟಗೊಂಡು ಕುಂಡರಾಕ ನಮ್ಮ ಅಡ್ಡಿ ಏನು ಬಸ್ ಸ್ಟ್ಯಾಂಡೇನು?" ಎಂದಳು. "ಅಜ್ಜನ ಮಷೀನಲ್ಲೇನು ಅದು!" ಎಂದೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಹೊರಗೆ ಚೌಕಟ್ಟು ಬಡಿಯುತ್ತಿದ್ದ ಬಡಿಗೇರರು ಸುತ್ತಿಗೆ ನಿಲ್ಲಿಸಿದರು. ನೀಲಾ ಕಲ್ಲು ಮನಸ್ಸಿನವಳಲ್ಲ. ಹಿರಿಯರು ಬಳಸಿದ್ದನ್ನು ಹೊಸ್ತಿಲು ದಾಟಿಸಬಾರದು ಎಂಬುದನ್ನು ನನಗಿಂತ ಹೆಚ್ಚು ನಂಬುವವಳು. ಅಜ್ಜಿಯ ಒಡೆದ ಬೀಸುವ ಕಲ್ಲು ಅವಳಿಂದಾಗಿಯೇ ಇನ್ನೂ ಹಿತ್ತಲಲ್ಲಿದೆ. "ಅಜ್ಜಾರದಾದ್ರ ಇರಲಿ ಬಿಡ್ರಿ. ನಾ ಮುಟ್ಟಂಗಿಲ್ಲ" ಎಂದು ಆಗಲೇ ತಣ್ಣಗಾದಳು. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ಹೊತ್ತಿಗೆ ಸವಣೂರಿನ ಗೌಸುಸಾಬರು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಗೌಸುಸಾಬರದು ಸವಣೂರಿನಲ್ಲಿ ಇಂಥದೇ ಅಡ್ಡೆ. ಅವರ ತಂದೆಗೂ ನಮ್ಮಪ್ಪನಿಗೂ ಇದ್ದ ದೋಸ್ತಿ ನಮ್ಮಿಬ್ಬರ ಕಾಲಕ್ಕೂ ಹರಿದುಬಂದಿದೆ. ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ಖರೆ ಹೇಳಲು ಅವರು ಆರಿಸಿಕೊಳ್ಳುವ ಮುಹೂರ್ತ ಮಾತ್ರ ಯಾವಾಗಲೂ ಕೆಟ್ಟದ್ದು. "ಯಾವ ಅಜ್ಜಾನ ಮಷೀನ್ರಿ ಸಾವಕಾರ್ರ? ಇದು ನಮ್ಮ ವಾಲಿದ್ ನಿಮ್ಮಪ್ಪಾರಿಗೆ ಕೊಟ್ಟದ್ದಲ್ಲೇನು? ನಮ್ಮಲ್ಲೆ ಇಂಥಾವು ಎರಡು ಇದ್ದುವು. ನಿಮ್ಮಪ್ಪಾರು ನಮಗ ಬ್ಯಾಂಡ್ ಸಾ ಗರಗಸ ಕೊಟ್ರು, ನಾವು ಇದನ್ನ ಕೊಟ್ಟಿವಿ. ಅದಲಿ ಬದಲಿ. ನಿಮ್ಮಜ್ಜಾರು ತೀರಿಕೊಂಡು ಎಷ್ಟೋ ವರ್ಷ ಆದ ಮ್ಯಾಲಿನ ಮಾತು" ಎಂದು ಎಲೆ ಮಡಚಿ ಬಾಯಿಗಿಟ್ಟುಕೊಂಡರು.

ನಮ್ಮಪ್ಪನಿಗೆ ಅದಲಿ ಬದಲಿಯ ಹುಚ್ಚು ಇದ್ದದ್ದು ಊರಿಗೇ ಗೊತ್ತು. ತಿಳವಳ್ಳಿಗೆ ಸೈಕಲ್ ಹತ್ತಿ ಹೋದವನು ಸಂಜೆಗೆ ಆಡು ಹಿಡಿದುಕೊಂಡು ನಡೆಯುತ್ತ ಬಂದದ್ದಿದೆ. ಅಂಥವನು ಒಂದು ಮಷೀನು ಬದಲಿಸಿದ್ದರೆ ಆಶ್ಚರ್ಯವೇನು? ಕೇಳೋಣವೆಂದರೆ ಅವನೂ ಈಗಿಲ್ಲ. ನೀಲಾ ನನ್ನ ಮುಖ ನೋಡಿದಳು. "ಖಾತ್ರಿ ಮಾಡ್ರಿ. ಖಂಡೇ ಪೂಜಿಯೊಳಗ. ಅಜ್ಜಾರದಾದ್ರ ಇರತೈತಿ, ಮಾವಾರ ಅದಲಿ ಬದಲಿದಾದ್ರ ಹೋಗತೈತಿ" ಎಂದಳು. ಖಂಡೇ ಪೂಜೆ ಎಂದರೆ ನಮ್ಮ ಕಡೆಯ ಆಯುಧ ಪೂಜೆ. ನವರಾತ್ರಿ ಇನ್ನೇನು ದೂರವಿರಲಿಲ್ಲ.

ಅವತ್ತಿನಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೊದಲು ಬಸ್ಸು ಹತ್ತಿದ್ದು ಯಲವಿಗಿಗೆ. ಮಷೀನು ಇಳಿದ ಸ್ಟೇಷನ್ನು ತಾನೇ, ಅಲ್ಲಿ ಏನಾದರೂ ಸುಳಿವು ಸಿಕ್ಕೀತು ಎಂಬ ಆಸೆ. ಅಲ್ಲಿದ್ದ ತರುಣ ನೌಕರನಿಗೆ ನಮ್ಮಜ್ಜ, ಹಡಗು, ಎತ್ತು, ಮುರಿದ ಅಚ್ಚು ಎಲ್ಲವನ್ನೂ ಹೇಳಿದೆ. ಆತ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, "ಹಂಗಾದ್ರ ಈಗ ಮಾಲು ಬಿಡಿಸಿಕೊಳ್ಳಾಕ ಬಂದೀರೇನ್ರಿ? ಭಾಳ ತಡಾ ಮಾಡಿದ್ರೆಲ್ಲಾ" ಎಂದ. ಅವನ ತಪ್ಪಿಲ್ಲ. ನಾನು ಕತೆ ಹೇಳುವ ರೀತಿಯಲ್ಲಿ ಮಷೀನು ನಿನ್ನೆಯಷ್ಟೇ ಇಳಿದಂತಿತ್ತು. ಪ್ಲಾಟ್‌ಫಾರಂ ಮೇಲೆ ಸ್ವಲ್ಪ ಹೊತ್ತು ಹಾಗೇ ಅಡ್ಡಾಡಿ, ಅಜ್ಜ ಇಲ್ಲಿಯೇ ನಿಂತಿದ್ದನೇನೋ ಎಂದು ಒಂದು ಬೇವಿನ ಗಿಡವನ್ನು ಸವರಿ ಬಂದೆ. ಗಿಡ ನನಗಿಂತ ಚಿಕ್ಕದೆಂದು ಕಾಂಡ ನೋಡಿದಾಗಲೇ ತಿಳಿದಿತ್ತು, ಆದರೂ ಸವರಿದೆ.

ಬುದ್ಧಿಯಿದ್ದವನು ಮೊದಲು ಮಷೀನಿನ ಹಿತ್ತಾಳೆಯ ಫಲಕ ನೋಡುತ್ತಾನೆ. ಹಳೆಯ ಮಷೀನುಗಳ ಹಣೆಯ ಮೇಲೆ ಕಂಪನಿಯ ಹೆಸರು, ಊರು, ನಂಬರು ಕೊರೆದ ಒಂದು ಫಲಕ ಇದ್ದೇ ಇರುತ್ತದೆ. ಆ ನಂಬರೊಂದು ಸಿಕ್ಕರೆ ಹುಟ್ಟಿದ ವರ್ಷ ಸಿಕ್ಕಂತೆಯೇ. ನಮ್ಮದಕ್ಕೂ ಫಲಕವಿದೆ. ಅದರಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದು, ಅಷ್ಟು ನುಣುಪು. ಪ್ರತಿ ಅಮಾವಾಸ್ಯೆಗೆ ಮಷೀನಿನ ಪೂಜೆ ನಮ್ಮವ್ವನದು. ದೇವರ ದೀಪದ ಸಮೆ ತಿಕ್ಕಿದ ಹುಣಸೆಹಣ್ಣು ಬೂದಿಯಲ್ಲೇ ಆ ಫಲಕವನ್ನೂ ಆಕೆ ತಿಕ್ಕುತ್ತ ಬಂದಿದ್ದಾಳೆ. "ಅವ್ವಾ, ಇದರ ಮ್ಯಾಲೆ ಅಕ್ಷರ ಇದ್ದುವೇನು?" ಎಂದು ಕೇಳಿದೆ. "ಇದ್ದುವಪಾ ಗಿಜಿಗಿಜಿ. ಅದರಾಗೆಲ್ಲಾ ಎಣ್ಣಿ ಕೊಳಿ ಕೂಡತಿತ್ತು. ತಿಕ್ಕಿ ತಿಕ್ಕಿ ಸ್ವಚ್ಛ ಮಾಡೇನಿ ನೋಡು" ಎಂದಳು. ಮುಖದ ಮೇಲೆ ಎಂಥ ಹೆಮ್ಮೆಯೆಂದರೆ ನನಗೆ ಸಿಟ್ಟು ಮಾಡಲು ಜಾಗವೇ ಉಳಿಯಲಿಲ್ಲ. "ನೀ ಮದವಿಯಾಗಿ ಬಂದಾಗ ಈ ಮಷೀನು ಇತ್ತೇನು?" ಎಂದೆ. "ಆವಾಗ ಸೊಸೆದೇರು ಅಡ್ಡಿಗೆ ಎಲ್ಲಿ ಬರತಿದ್ವೋ? ನಿಮ್ಮಜ್ಜಿ ಹಾಸಿಗಿ ಹಿಡದ ಮ್ಯಾಲೆ ಪೂಜಿ ನನ್ನ ಪಾಲಿಗೆ ಬಂತು. ಅವತ್ತು ಬಂದು ನೋಡಿದೆ, ಇದು ಇಲ್ಲೇ ಕುಂತಿತ್ತು." ಅಜ್ಜ ಹೋದ ಎಷ್ಟೋ ವರ್ಷಗಳ ಮೇಲಿನ ಮಾತು ಅದು. ಅಷ್ಟರೊಳಗೆ ನಮ್ಮಪ್ಪ ಇಡೀ ಹಾನಗಲ್ಲನ್ನೇ ಅದಲು ಬದಲು ಮಾಡಿರಬಹುದಿತ್ತು.

ಫೋನಿನಲ್ಲಿ ಹುಡುಕಿದಾಗ ನನ್ನಂಥ ರೋಗಿಗಳದೇ ಒಂದು ಗುಂಪು ಸಿಕ್ಕಿತು. ಹಳೆಯ ಕಟ್ಟಿಗೆ ಮಷೀನುಗಳ ಹುಟ್ಟು ಹುಡುಕುವವರು, ಎಲ್ಲರೂ ಕಡಲಾಚೆಯವರು. ಜಗತ್ತಿನಲ್ಲಿ ಇಷ್ಟು ಮಂದಿ ಹೆಂಡಿರಿಂದ ಬೈಸಿಕೊಳ್ಳುತ್ತಿದ್ದಾರಲ್ಲ ಎಂದು ಮೊದಲ ಸಲ ಸಮಾಧಾನವಾಯಿತು. ಮಷೀನಿನ ಫೋಟೊ ತೆಗೆದು, ನನಗೆ ಬಂದ ಇಂಗ್ಲಿಷಿನಲ್ಲಿ ಅಜ್ಜನ ಕತೆ ಬರೆದು ಹಾಕಿದೆ. ಪ್ರಶ್ನೆಗಳ ಮಳೆಯೇ ಸುರಿಯಿತು. ಅಲಗಿನ ಉರುಳೆ ಚೌಕವೋ ದುಂಡಗೋ? ಚೌಕವಾದರೆ ಹಳೆಯದು. ಬೇರಿಂಗಿನಲ್ಲಿ ಗುಂಡುಗಳಿವೆಯೋ, ಬಿಳಿ ಲೋಹ ಕರಗಿಸಿ ಹೊಯ್ದಿದ್ದಾರೋ? ಹೊಯ್ದಿದ್ದರೆ ಹಳೆಯದು. ಅಗಲವಾದ ಪಟ್ಟಾ ಹಾಕುವ ಗಾಲಿ ಇದೆಯೋ? ಇದ್ದರೆ ಇನ್ನೂ ಹಳೆಯದು. ನಮ್ಮದರ ಉರುಳೆ ಚೌಕ, ಬೇರಿಂಗು ಹೊಯ್ದದ್ದು, ಗಾಲಿ ಪಟ್ಟಾದ್ದು. ನಾನು ಕುಣಿಯುವುದೊಂದೇ ಬಾಕಿ. ಅಷ್ಟರಲ್ಲಿ ಇನ್ನೊಬ್ಬ ಬಂದು, ಈ ಬಗೆಯ ಮಷೀನನ್ನು ಅದೇ ಅಚ್ಚಿನಲ್ಲಿ ಬಹಳ ವರ್ಷ ಹೊಯ್ಯುತ್ತಲೇ ಇದ್ದರು, ನಿನ್ನ ಅಜ್ಜನ ಕಾಲದ್ದೂ ಇರಬಹುದು, ಅಪ್ಪನ ಕಾಲದ್ದೂ ಇರಬಹುದು ಎಂದು ತಣ್ಣೀರು ಎರಚಿದ. ಆಮೇಲೆ ಅವರವರಲ್ಲೇ ಜಗಳ ಹತ್ತಿತು. ನಾನು ಊಟ ಬಿಟ್ಟು ಓದುತ್ತ ಕೂತೆ.

ಅವರಲ್ಲೇ ಒಬ್ಬ ಹಿರಿಯರು ಬಹಳ ವಿನಯದಿಂದ ಒಂದು ಪ್ರಶ್ನೆ ಕೇಳಿದರು. 'ಮಷೀನಿನ ಎದೆಯ ಮೇಲೆ ಮೂರು ಅಡ್ಡ ಬಿಳಿ ಗೆರೆಗಳಿವೆ, ನಡುವೆ ಕೆಂಪು ಚುಕ್ಕೆ. ಇದು ಯಾವ ಕಂಪನಿಯ ಗುರುತು? ನಿಮ್ಮ ದೇಶದ ಬೇರೆ ಮಷೀನುಗಳ ಮೇಲೂ ಇದನ್ನೇ ನೋಡಿದ್ದೇನೆ. ಗರಗಸ, ಲೇತು, ಲಾರಿ, ಎಲ್ಲವನ್ನೂ ತಯಾರಿಸುತ್ತಿದ್ದ ಬಹು ದೊಡ್ಡ ಕಂಪನಿಯಿರಬೇಕು.' ನಾನು ನಕ್ಕು ನಕ್ಕು ಸುಸ್ತಾಗಿ ಅದನ್ನು ಕನ್ನಡದಲ್ಲಿ ಮನೆಯವರಿಗೆಲ್ಲ ಹೇಳಿದೆ. ನೀಲಾ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವ್ವ ಮಾತ್ರ ನಗಲಿಲ್ಲ. "ನಗೂದೇನೈತಿ? ಖರೇನ ಹೇಳ್ಯಾನ. ಅದಕ್ಕಿಂತ ದೊಡ್ಡ ಕಂಪನಿ ಇನ್ನ್ಯಾವುದೈತಿ?" ಎಂದು ಎದ್ದು ಒಳಗೆ ಹೋದಳು.

ಈ ನಡುವೆ ಸವಣೂರಿಗೂ ಹೋಗಿಬಂದೆ. ಗೌಸುಸಾಬರ ತಂದೆ ಒಂದು ಮಷೀನು ನಮಗೆ ಕೊಟ್ಟಿದ್ದರೆ ಅದರ ಜೋಡಿ ಇನ್ನೂ ಅವರಲ್ಲಿರಬೇಕಲ್ಲ. ಇತ್ತು. ಸಾಬರು ಚಹಾ ತರಿಸಿ, ಖಾರದ ತಿಂಡಿ ತರಿಸಿ, ತಿನ್ನದೆ ಮಷೀನು ಮುಟ್ಟಗೊಡಲಿಲ್ಲ. ಅವರದಕ್ಕೆ ಓದಲು ಬರುವಂಥ ಫಲಕವೇ ಇತ್ತು. "ನೋಡ್ರಿ, ಖಾಸ್ ಇಂಗ್ಲೆಂಡ್" ಎಂದು ಅದನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದರು. ಫೋಟೊ ತೆಗೆದು ಗುಂಪಿಗೆ ಹಾಕಿ, ಅಲ್ಲೇ ಕಟ್ಟಿಗೆಯ ದಿಮ್ಮಿಯ ಮೇಲೆ ಕೂತು ಉತ್ತರಕ್ಕೆ ಕಾದೆ. ಉತ್ತರ ಬಂತು: ಫಲಕ ಹಳೆಯದೇ, ಇಂಗ್ಲೆಂಡಿನದೇ, ಆದರೆ ಅದು ನೀರೆತ್ತುವ ಪಂಪಿನದು. ಯಾವುದೋ ಕಾಲದಲ್ಲಿ ಯಾವುದೋ ಬಾವಿಯ ಪಂಪು ಕೆಟ್ಟಾಗ, ಹಿತ್ತಾಳೆ ಚಂದ ಇದೆಯೆಂದು ಕಿತ್ತು ಇದಕ್ಕೆ ಜಡಿದಿದ್ದರು. ಹೇಗೆ ಹೇಳುವುದೆಂದು ತಿಳಿಯದೆ ತೊದಲುತ್ತ ಹೇಳಿದೆ. ಸಾಬರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ಪಂಪಿಂದಾದ್ರ ಏನಾತ್ರಿ? ಇಂಗ್ಲೆಂಡಿನ ಪಂಪ್ ಅದ. ನೀವು ನಿಮ್ಮದನ್ನ ನೋಡಿಕೊಳ್ರಿ, ನಿಮ್ಮದಕ್ಕ ಅಷ್ಟೂ ಇಲ್ಲ" ಎಂದರು. ಅಷ್ಟು ನಿಶ್ಚಿಂತ ಮನುಷ್ಯನನ್ನು ಕಂಡು ಹೊಟ್ಟೆಕಿಚ್ಚಾಯಿತು.

ಗುಂಪಿನವರು ಕೊನೆಗೆ ಹೇಳಿದ ಉಪಾಯ ಒಂದೇ. ಕೆಲವು ಮಷೀನುಗಳಲ್ಲಿ ಎರಕದ ಕಬ್ಬಿಣದಲ್ಲೇ ಅಕ್ಷರಗಳು ಎದ್ದಿರುತ್ತವೆ, ಬಣ್ಣದ ಕೆಳಗೆ ಮುಚ್ಚಿಹೋಗಿರುತ್ತವೆ, ಬಣ್ಣ ತೆಗೆದು ನೋಡು. ನಮ್ಮ ಮಷೀನಿಗೆ ಬಣ್ಣಕ್ಕೇನು ಕಡಿಮೆ? ಪ್ರತಿ ಖಂಡೇ ಪೂಜೆಗೆ ಮನೆಗೂ ಮಷೀನಿಗೂ ಒಂದು ಕೈ ಬಳಿಯುವುದು ನಮ್ಮ ಪದ್ಧತಿ. ತಲೆತಲಾಂತರದಿಂದ ಬಳಿದೂ ಬಳಿದೂ ಮಷೀನು ಬಾಣಂತಿಯಂತೆ ಮೈ ತುಂಬಿಕೊಂಡಿತ್ತು. ಶಿಗ್ಗಾವಿಗೆ ಹೋಗಿ ಬಣ್ಣ ಕೀಳುವ ಔಷಧ ತಂದೆ. ಹಚ್ಚಿದೆ, ಕೆರೆದೆ, ಮತ್ತೆ ಹಚ್ಚಿದೆ. ಆ ನಾತಕ್ಕೆ ಬಡಿಗೇರರು ತಮ್ಮ ಕೆಲಸವನ್ನು ಅಂಗಳದ ಬೇವಿನ ಗಿಡದ ಕೆಳಗೆ ಸಾಗಿಸಿಕೊಂಡರು. ಗಿರಾಕಿಗಳು ಬಾಗಿಲಿನಿಂದಲೇ ನಮಸ್ಕಾರ ಹೇಳಿ ಹೋದರು. ಅವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. "ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ. ನೀ ಅಜ್ಜನ್ನ ಕೆತ್ತಾಕತ್ತೀ" ಎಂದಳು. ನಾನು ಕೆತ್ತುವುದನ್ನು ನಿಲ್ಲಿಸಲಿಲ್ಲ. ಒಂದು ಕಡೆ ಮಾತ್ರ ಕೈ ಹಾಕಲಿಲ್ಲ: ಅವ್ವ ವಿಭೂತಿ ಹಚ್ಚುವ ಆ ಅಂಗೈ ಅಗಲದ ಜಾಗ. ಅದನ್ನು ಮುಟ್ಟಿದ್ದರೆ ಮಷೀನಿಗಿಂತ ಮೊದಲು ನಾನೇ ಗುಜರಿಗೆ ಹೋಗುತ್ತಿದ್ದೆ.

ಕೊನೆಗೂ ಮಷೀನಿನ ಕಾಲಿನ ಮೇಲೆ ಎರಕದಲ್ಲಿ ಎದ್ದ ಅಂಕಿಗಳು ಕಂಡವು. ಫೋಟೊ ಹಾಕಿದೆ. ಅದು ವರ್ಷವಲ್ಲ, ಆ ಕಾಲನ್ನು ಹೊಯ್ದ ಅಚ್ಚಿನ ನಂಬರು, ಅದರಿಂದ ಏನೂ ತಿಳಿಯುವುದಿಲ್ಲ ಎಂದು ಉತ್ತರ ಬಂತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರಲ್ಲ, ನನಗೆ ಇಲಿಯೂ ಸಿಗಲಿಲ್ಲ. ಮಷೀನು ಚರ್ಮ ಸುಲಿದಂತೆ ಬೂದುಬಣ್ಣದಲ್ಲಿ ನಿಂತಿತ್ತು. ಸುತ್ತಲೂ ನೆಲದ ಮೇಲೆ ಹಸಿರು, ನೀಲಿ, ಹಳದಿ, ಕೆಂಪು ಸಿಪ್ಪೆಗಳು. ಅವನ್ನು ಗುಡಿಸಿ ತಿಪ್ಪೆಗೆ ಹಾಕಿ ಬಂದು, ಮಷೀನಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ನಿಜ ಹೇಳುತ್ತೇನೆ, ಅಳು ಬಂತು. ನೀಲಾ ನೋಡಿದಳು. ಹೊಸ ಮಷೀನು ಸ್ವಲ್ಪ ತಡವಾಗಿ ಬರಲಿ ಎಂದು ಹುಬ್ಬಳ್ಳಿಗೆ ಫೋನು ಮಾಡುತ್ತಿದ್ದದ್ದು ಆಮೇಲೆ ಕೇಳಿಸಿತು. ಅದು ಇನ್ನೂ ಕಷ್ಟವಾಯಿತು. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅವ್ವ ಅಮಾವಾಸ್ಯೆಯ ಪೂಜೆಗೆ ಬಂದಳು. ಸುಲಿದ ಮಷೀನು ನೋಡಿ, "ಎಲ್ಲಾ ಕೆರದ ಒಗದೇನು? ನಿನ್ನ ತೊಟ್ಟಲದ ಬಣ್ಣ ಇತ್ತಲ್ಲೋ ಅದರಾಗ!" ಎಂದಳು. ಯಾವ ತೊಟ್ಟಿಲು ಎಂದೆ. "ಮತ್ತ ಮಷೀನಿಗಂತ ಯಾರು ಬ್ಯಾರೆ ಬಣ್ಣ ತರತಿದ್ರು? ಮನ್ಯಾಗ ಹಚ್ಚಿ ಉಳದದ್ದನ್ನ ಅದಕ್ಕ ಬಳಿಯೂದು. ನೀ ಹುಟ್ಟಿದಾಗ ತೊಟ್ಟಲಕ್ಕ ನೀಲಿ ಹಚ್ಚಿದ್ವಿ, ಉಳದದ್ದು ಇದಕ್ಕ. ಕಾರ ಹುಣ್ಣಿವಿಗೆ ಎತ್ತಿನ ಕೋಡಿಗೆ ಹಚ್ಚಿ ಉಳದ ಹಳದಿ ಇದಕ್ಕ. ನಿನ್ನ ಮದವಿಗೆ ಗ್ವಾಡಿಗೆ ಹಚ್ಚಿದ್ದೂ ಇದಕ್ಕ." ಮರ ಕೊಯ್ದಾಗ ಬೊಡ್ಡೆಯಲ್ಲಿ ಕಾಣುವ ಬಳೆಗಳನ್ನು ಎಣಿಸಿ ಮರದ ವಯಸ್ಸು ಹೇಳುವುದು ನನ್ನ ದಿನದ ಕಸುಬು. ಈ ಮಷೀನಿನ ಮೈಮೇಲೆ ನಮ್ಮ ಮನೆಯ ಎಲ್ಲ ವರ್ಷಗಳೂ ಬಳೆಬಳೆಯಾಗಿ ಕೂತಿದ್ದವು. ಅವುಗಳನ್ನೇ ಕೆರೆದು, ಗುಡಿಸಿ, ತಿಪ್ಪೆಗೆ ಹಾಕಿ ಬಂದಿದ್ದೆ. ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುವುದು ಇದಕ್ಕೇ ಇರಬೇಕು.

ಉಳಿದಿದ್ದದ್ದು ಒಂದೇ ಜಾಗ. ಇಬ್ಬರೂ ಒಟ್ಟಿಗೇ ಅದರ ಕಡೆ ನೋಡಿದೆವು. ಕಡಲಾಚೆಯ ಹಿರಿಯರು ಯಾವ ಕಂಪನಿ ಎಂದು ಕೇಳಿದ್ದ ಆ ಮೂರು ಗೆರೆಗಳ ಜಾಗ. ಅವ್ವನೇ ಸೆರಗಿನ ತುದಿ ನೀರಿಗೆ ಅದ್ದಿ ವಿಭೂತಿ ಕುಂಕುಮ ಒರೆಸಿದಳು, "ಶಿವಾ ತಪ್ಪಾತೋ" ಎಂದು ಕೆನ್ನೆ ಬಡಿದುಕೊಂಡಳು. "ಸಾವಕಾಶ ತಿಕ್ಕು, ಪೂರಾ ತಗೀಬ್ಯಾಡ" ಎಂದಳು. ನಾನು ಪಾಲಿಶ್ ಪೇಪರು ತಂದು ನಡುವೆ ಒತ್ತಿ, ಅಂಚಿಗೆ ಹಗುರ ಮಾಡಿ ಉಜ್ಜುತ್ತ ಹೋದೆ. ಬಣ್ಣಗಳು ಒಂದರೊಳಗೊಂದು ಬಳೆಗಳಾಗಿ ಬಿಚ್ಚಿಕೊಂಡವು. ಅವ್ವ ಬಗ್ಗಿ ನೋಡುತ್ತ ಹೇಳುತ್ತಿದ್ದಳು: ಇದು ನಿನ್ನ ಮದುವೆ, ಇದು ಎತ್ತಿನ ಕೋಡು, ಇದು ನಿಮ್ಮಪ್ಪ ಆಡು ತಂದ ವರ್ಷ, ಇಗೋ ನಿನ್ನ ತೊಟ್ಟಿಲು. ತೊಟ್ಟಿಲಿನ ನೀಲಿಯ ಕೆಳಗೂ ಒಂದೆರಡು ಬಣ್ಣ ದಾಟಿ ಎಲೆಹಸಿರು ಬಂತು. ಅವ್ವ ಇನ್ನಷ್ಟು ಹತ್ತಿರ ಬಗ್ಗಿದಳು. "ಇದು ನನ್ನ ಮದವಿದು. ಬಾಗಲಕ್ಕ ಹಚ್ಚಿದ್ರು."

ಹಸಿರಿನ ಕೆಳಗೆ ಒಂದು ಸಣ್ಣ ಕಪ್ಪು ಗೆರೆ, ಎಣ್ಣೆ ಮತ್ತು ಕಟ್ಟಿಗೆಯ ಹುಡಿ ಕೂತು ಗಟ್ಟಿಯಾದ ಕೊಳೆ. ಮೇಲಿನ ಅಷ್ಟೂ ಬಣ್ಣಗಳ ನಡುವೆ ಅಂಥ ಕೊಳೆ ಇದ್ದದ್ದು ಇನ್ನೆರಡೇ ಕಡೆ. ಅದರ ಕೆಳಗೆ ಕಾವಿಯಂಥ ಕೆಂಪು. ಅದರ ಕೆಳಗೆ ಬರಿಯ ಬೂದುಬಣ್ಣ, ಕಂಪನಿಯದು. "ಈ ಕೊಳಿ ಯಾಕವ್ವಾ?" ಎಂದೆ. "ಆ ವರ್ಷ ಬಣ್ಣ ಹಚ್ಚಿರಂಗಿಲ್ಲ" ಎಂದಳು. ಹಿರಿಯರು ಹೋದ ವರ್ಷ ನಮ್ಮಲ್ಲಿ ಹಬ್ಬಕ್ಕೆ ಬಣ್ಣ ಬಳಿಯುವುದಿಲ್ಲ. ಮೇಲಿನ ಎರಡು ಗೆರೆ ಅಜ್ಜಿಯದು, ಅಪ್ಪನದು. ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕೆಂದು ಅಜ್ಜ ಹೋದ ವರ್ಷದಲ್ಲೇ ಅವ್ವನನ್ನು ಸೊಸೆಯಾಗಿ ತಂದಿದ್ದರು. ಹಸಿರಿನ ಕೆಳಗಿನ ಕೊಳೆ ಅಜ್ಜನ ಸೂತಕ. ಹಾಗಾದರೆ ಅದರ ಕೆಳಗಿನ ಕೆಂಪು? ಅವ್ವ ಬೆರಳಿನಿಂದ ಅದನ್ನು ಸವರಿದಳು. "ನಮ್ಮ ತಲಬಾಗಲದ ಹಸರಿನ ಕೆಳಗ ಇಂಥಾದ್ದ ಕೆಂಪಿತ್ತು. ಮಾವಾರು ತಮ್ಮ ಕೈಲೆ ಹಚ್ಚಿದ್ದಂತ ಅತ್ತಿ ಹೇಳತಿದ್ರು" ಎಂದಳು.

ನಾನು ಎದ್ದು ಓಡಿದೆ. ಮನೆಯ ತಲಬಾಗಿಲು ಇನ್ನೂ ಅದೇ, ತೇಗಿನದು. ಅದರ ಅಂಚಿನಲ್ಲಿ ಕೂತು ಉಜ್ಜಲು ಶುರುಮಾಡಿದೆ. ಹಬ್ಬಕ್ಕೆಂದು ನೀಲಾ ಅದನ್ನು ಮೊನ್ನೆಯಷ್ಟೇ ತೊಳೆದಿದ್ದಳು. "ಏ! ಈಗ ಬಾಗಲಕ್ಕೂ ಹತ್ತೀರೇನು? ಇದರ ವಯಸ್ಸೂ ಬೇಕೇನು ನಿಮಗ?" ಎಂದು ಕೂಗುತ್ತ ಲಟ್ಟಣಿಗೆ ಹಿಡಿದೇ ಬಂದಳು. ನಾನು ಉಜ್ಜುತ್ತಲೇ ಹೋದೆ. ಹಸಿರು ಬಂತು. ಹಸಿರಿನ ಕೆಳಗೆ ಅದೇ ಕೆಂಪು ಬಂತು. ಸವಣೂರಿನಲ್ಲಿ ಇದ್ದ ಮಷೀನಿಗೆ ಹಾನಗಲ್ಲಿನ ಬಾಗಿಲಿನ ಬಣ್ಣ ಬರಲು ಸಾಧ್ಯವಿಲ್ಲ. ಅಜ್ಜ ಬಾಗಿಲಿಗೆ ಬಳಿದು, ಉಳಿದದ್ದನ್ನು ತೆಗೆದುಕೊಂಡು ಅಡ್ಡೆಗೆ ಹೋಗಿ, ಮಷೀನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಳಿದಿದ್ದ. ಬಾಗಿಲಿನ ಕೆಂಪಿನಲ್ಲಿ ಕುಂಚದ ಒಂದು ಕೂದಲು ಅಂಟಿಕೊಂಡು ಒಣಗಿತ್ತು. ನೀಲಾಳಿಗೆ ಎಲ್ಲ ಹೇಳಿದೆ. ಆಕೆ ಲಟ್ಟಣಿಗೆ ಕೆಳಗಿಟ್ಟು ಆ ಕೆಂಪನ್ನು ನೋಡಿದಳು. "ಆತು ಬಿಡ್ರಿ. ಅಜ್ಜಾರು ಇಲ್ಲೇ ಇರಲಿ" ಎಂದಳು.

ಗೌಸುಸಾಬರಿಗೆ ಫೋನು ಮಾಡಿದೆ. ಅವರು ಸಮಾಧಾನದಿಂದ ಕೇಳಿ, "ಹಂಗಾದ್ರ ನಮ್ಮ ವಾಲಿದ್ ಕೊಟ್ಟದ್ದು ಬ್ಯಾರೆ ಏನೋ ಇರಬೇಕು. ಕೊಟ್ಟದ್ದಂತೂ ಖರೇ. ಹುಡುಕ್ರಿ, ನಿಮ್ಮಲ್ಲೇ ಎಲ್ಲ್ಯರೆ ಇರತದ" ಎಂದರು. ಹೊಸ ಮಷೀನು ಬಂತು. ಅದಕ್ಕೆ ಜಾಗ ಬೇಕಿತ್ತಲ್ಲ, ಅಡ್ಡೆಯಲ್ಲಿ ಯಾವ ಕೆಲಸಕ್ಕೂ ಬಾರದ ಸಾಮಾನು ಯಾವುದೆಂದು ನೀಲಾ ಸುತ್ತಲೂ ನೋಡಿ ನನ್ನ ಮೇಜು ಕುರ್ಚಿ ತೆಗೆಸಿದಳು. ಈಗ ನಾನು ಅಜ್ಜನ ಮಷೀನಿನ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಕೂರುತ್ತೇನೆ. ಬಣ್ಣ ಬಳಿಯಬೇಡ, ಬೂದುಬಣ್ಣವನ್ನೇ ಉಳಿಸಿಕೋ ಎಂದು ಗುಂಪಿನವರು ಒಕ್ಕೊರಲಿನಿಂದ ಬೇಡಿಕೊಂಡಿದ್ದರು. ನಾನು ಕೆರೆದ ಬಾಗಿಲಿಗೆ ನೀಲಾ ಮಾವಿನೆಲೆಯ ಬಣ್ಣ ತರಿಸಿದ್ದಳು. ಅದರಲ್ಲಿ ಉಳಿದದ್ದನ್ನು ಖಂಡೇ ಪೂಜೆಯ ಹಿಂದಿನ ದಿನ ಮಷೀನಿಗೆ ಬಳಿದೆ. ಆ ಅಂಗೈ ಅಗಲದ ಬಳೆಗಳ ಜಾಗವನ್ನು ಮಾತ್ರ ಬಿಟ್ಟೆ. ಅವ್ವ ಅದರ ಮೇಲೆ ಮೂರು ಬೆರಳು ವಿಭೂತಿ ಎಳೆದಳು.

ಎಲ್ಲವನ್ನೂ ಬರೆದು ಗುಂಪಿಗೆ ಹಾಕಿದೆ. ಕಡಲಾಚೆಯ ಹಿರಿಯರು ಬಹಳ ಸಂತೋಷಪಟ್ಟು, 'ಅದ್ಭುತ. ಹಾಗಾದರೆ ವರ್ಷ ಯಾವುದು?' ಎಂದು ಕೇಳಿದರು. ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಮಷೀನು ಬಂದದ್ದು ಅಜ್ಜ ಹೋಗುವ ಮುಂಚೆ. ಅಜ್ಜ ಹೋದದ್ದು ಯಾವಾಗ? ಅವ್ವನ ಮದುವೆಯ ವರ್ಷ. ಚೌಕಟ್ಟು ಉಜ್ಜುತ್ತಿದ್ದ ಪಾಲಿಶ್ ಪೇಪರು ಕೈಯಲ್ಲೇ ಇತ್ತು, ಹಾಗೇ ಅಡುಗೆಮನೆಗೆ ಹೋದೆ. ಅವ್ವ ಸೊಪ್ಪು ಸೋಸುತ್ತಿದ್ದಳು. "ಅವ್ವಾ, ನಿನ್ನ ಮದವಿ ಯಾವಾಗಾತು?" "ಕೆರಿ ಕೋಡಿ ಬಿದ್ದ ವರ್ಷ." "ಯಾವ ವರ್ಷ ಕೋಡಿ ಬಿತ್ತು?" "ನನ್ನ ಮದವಿ ವರ್ಷ." "ಆವಾಗ ನಿನಗ ಎಷ್ಟು ವಯಸ್ಸು?" "ಯಾರಿಗ್ಗೊತ್ತಪಾ. ಸೀರಿ ಉಟಗೊಳ್ಳಾಕ ಕಲತಿದ್ದೆ." ಆಧಾರ ಕಾರ್ಡಿನಲ್ಲಿ ಅವಳು ಹುಟ್ಟಿದ್ದು ಜನವರಿ ಒಂದು, ವರ್ಷ ಬರೆದವರ ಅಂದಾಜು. ನಮ್ಮ ಓಣಿಯ ಮುದುಕರೆಲ್ಲ ಹುಟ್ಟಿದ್ದು ಅವತ್ತೇ. ಊರಿನ ತೊಲೆ, ಗಿಡ, ಗರಗಸ, ಪಂಪು ಯಾವುದನ್ನೂ ಬಿಡದೆ ವಯಸ್ಸು ಕೇಳುತ್ತ ತಿರುಗಿದವನು ಮನೆಯಲ್ಲೇ ಇರುವ ಇವಳನ್ನು ಒಂದು ದಿನವೂ ಕೇಳಿರಲಿಲ್ಲ. ಆಕೆಯ ಹಣೆಯ ವಿಭೂತಿ, ಅದರ ಕೆಳಗಿನ ಗೆರೆಗಳು, ಕೈಯ ಮೇಲಿನ ಹಸಿರು ಹಚ್ಚೆ, ಇವನ್ನೆಲ್ಲ ಈಗಷ್ಟೇ ಕಂಡವನಂತೆ ನೋಡುತ್ತ ನಿಂತೆ. ಅವ್ವ ಸೊಪ್ಪಿನಿಂದ ತಲೆ ಎತ್ತಿದಳು. ನನ್ನ ಮುಖ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

"ಯಾಕೋ, ನನ್ನೂ ಕೆರದು ನೋಡಾಂವೇನು?" ಎಂದಳು.

ಪಾಲಿಶ್ ಪೇಪರನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.